ಹೈಮೊನ ಒಳ್ಳೆಯ ನಿದ್ದೆ

ಐಲಾಳ ಬಾಯಿಂದ ಏಲಕ್ಕಿಯ ವಾಸನೆ ಬಂದದ್ದು ಅವತ್ತಿನ ಹೊಡೆತಕ್ಕೆ ಕಾರಣವಾಯಿತು.

ಅಂಗಡಿಯಿಂದ ಬರುವ ದಾರಿಯಲ್ಲಿ, ಬಸ್ ನಿಲ್ದಾಣದ ಗಾಜಿನ ಮರೆಯಲ್ಲಿ ನಿಂತು ಅವಳು ಒಂದು ಸಿಹಿ ಬನ್ನು ತಿಂದಿದ್ದಳು. ಕೈಗವಸು ತೆಗೆದು, ಮೇಲಿನ ಸಕ್ಕರೆ ಹರಳುಗಳನ್ನು ಒಂದೊಂದಾಗಿ ನಾಲಗೆಗೆ ಅಂಟಿಸಿಕೊಂಡು, ಐವತ್ತು ದಾಟಿದ ಹೆಂಗಸು ಮಕ್ಕಳ ಹಾಗೆ ಕದ್ದು ತಿಂದಿದ್ದಳು. ಆಮೇಲೆ ಬಾಯಿಗೆ ಒಂದು ಹಿಡಿ ಹಿಮ ಹಾಕಿ ಮುಕ್ಕಳಿಸಿದ್ದಳು. ಆದರೆ ಏಲಕ್ಕಿ ಅಷ್ಟು ಸುಲಭಕ್ಕೆ ಹೋಗುವ ವಸ್ತುವಲ್ಲ.

ಅಡುಗೆಮನೆಯಲ್ಲಿ ಗಂಡ ಹೈಮೊ, ಹೊರಗೆ ಜಾರಲು ಹೋಗುವ ಬೂಟು ಕಟ್ಟಿಕೊಂಡೇ, ಗಂಜಿ ಕಲಕುತ್ತಿದ್ದ. ರೈ ಎಂಬ ಧಾನ್ಯದ ಹಿಟ್ಟಿನ ಗಂಜಿ, ಉಪ್ಪು ಕಡಿಮೆ, ಸಕ್ಕರೆ ಇಲ್ಲವೇ ಇಲ್ಲ. ಅವಳು ಚೀಲ ಇಳಿಸುವಾಗ ಅವನು ಹತ್ತಿರ ಬಂದು, ಮುತ್ತಿಡುವವನ ಹಾಗೆ ಬಗ್ಗಿ, ಮೂಸಿದ.

"ಏನು ತಿಂದೆ?"

"ಏನಿಲ್ಲ."

"ಐಲಾ, ನಾನು ಕೇಳಿದ್ದು ಏನು ತಿಂದೆ ಅಂತ."

"ಒಂದು ಬನ್ನು ಕಣೋ. ಚಿಕ್ಕದು."

ಚಿಕ್ಕದು ಎನ್ನುವ ಮಾತು ಪೂರ್ತಿ ಹೊರಬೀಳುವುದರೊಳಗೆ ಅವನ ಮುಷ್ಟಿ ಅವಳ ಪಕ್ಕೆಗೆ ಬಿತ್ತು. ಎಡಪಕ್ಕೆ, ಕಂಕುಳಿನಿಂದ ಒಂದು ಗೇಣು ಕೆಳಗೆ. ಅವಳು ಮೇಜಿನ ಅಂಚು ಹಿಡಿಯಲು ಹೋಗಿ ಹಿಡಿತ ತಪ್ಪಿ ನೆಲಕ್ಕೆ ಬಿದ್ದಳು. ಬಿದ್ದವಳ ತೊಡೆಗೆ ಬೂಟಿನ ಒದೆತ, ಅದೇ ಜಾಗಕ್ಕೆ ಮತ್ತೊಂದು. ಮುಖ ಮುಟ್ಟಲಿಲ್ಲ. ಅವನ ಉಸಿರು ಏರಲೂ ಇಲ್ಲ.

"ನಿನ್ನ ಒಳ್ಳೇದಕ್ಕೇ ಹೇಳೋದು. ಸಕ್ಕರೆ ತಿಂದ್ರೆ ನಿನಗೆ ಮನಸ್ಸು ಕೆಡುತ್ತೆ, ನಿದ್ದೆ ಹೋಗುತ್ತೆ. ಆಮೇಲೆ ಆ ಸಪ್ಪೆ ಮುಖ ಹೊತ್ಕೊಂಡು ಮನೆಯಲ್ಲೆಲ್ಲಾ ಓಡಾಡ್ತೀಯ. ನೋಡೋನು ನಾನು ತಾನೆ?"

ಅವನು ಹಜಾರಕ್ಕೆ ಹೋಗಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಎತ್ತಿಕೊಂಡ. ಬಾಗಿಲು ತೆರೆದ ಸದ್ದಾಯಿತು. ಐಲಾ ಉಸಿರು ಬಿಟ್ಟಳು. ಅಷ್ಟರಲ್ಲಿ ಅವನು ಮತ್ತೆ ಒಳಗೆ ಬಂದ. ಅವಳು ತಲೆಗೆ ಕೈ ಅಡ್ಡ ಹಿಡಿದಳು. ಹೈಮೊ ಅವಳನ್ನು ದಾಟಿ ಹೋಗಿ, ಒಲೆ ಆರಿಸಿದ.

"ತಳ ಹತ್ತುತ್ತೆ," ಎಂದು ಹೇಳಿ ಹೊರಟುಹೋದ.

ಅವನು ಕುಡಿಯುತ್ತಿದ್ದ ಕಾಲದಲ್ಲಿ ಹೀಗಿರಲಿಲ್ಲ. ಆಗ ಹೊಡೆತಕ್ಕೊಂದು ಹಬ್ಬವಿರುತ್ತಿತ್ತು. ನಡುಬೇಸಿಗೆಯ ಬೆಂಕಿ ಹಾಕುವ ದಿನ, ಕ್ರಿಸ್‌ಮಸ್‌ಗೆ ಮುಂಚೆ ಮರದ ಕಾರ್ಖಾನೆಯವರು ಕೊಡುವ ಊಟದ ದಿನ, ಹೀಗೆ. ಕಾಲು ತೊಡರಿಕೊಂಡು ಬರುತ್ತಿದ್ದ, ಎತ್ತಿದ ಕೈ ಅರ್ಧ ಸಲ ಗೋಡೆಗೆ ತಗಲುತ್ತಿತ್ತು, ಬೆಳಿಗ್ಗೆ ಎದ್ದು ಅವಳ ಮಡಿಲಲ್ಲಿ ತಲೆಯಿಟ್ಟು ಅಳುತ್ತಿದ್ದ. ಐಲಾ ಅವನ ತಲೆ ಸವರುತ್ತಾ, ಇದು ಇವನಲ್ಲ, ಬಾಟಲಿ, ಎಂದುಕೊಳ್ಳುತ್ತಿದ್ದಳು. ಊರಿನ ಎಷ್ಟೋ ಹೆಂಗಸರು ಹಾಗೆ ಅಂದುಕೊಂಡೇ ಮುದುಕಿಯರಾಗಿದ್ದರು. ಬಾಟಲಿ ಹೋದರೆ ಗಂಡ ಸಿಗುತ್ತಾನೆ ಎಂಬುದು ಅವರೆಲ್ಲರ ನಂಬಿಕೆ.

ಮೂರು ವರ್ಷದ ಹಿಂದೆ ಹೈಮೊನ ಎದೆ ಒಮ್ಮೆ ಹಿಡಿದುಕೊಂಡಿತು. ಡಾಕ್ಟರು ಹೆದರಿಸಿದರು. ಅವನು ಕುಡಿತ ಬಿಟ್ಟ. ಒಂದೇ ದಿನದಲ್ಲಿ, ಮರ ಕಡಿದ ಹಾಗೆ. ಜಾರುಹಲಗೆ ಕಟ್ಟಿಕೊಂಡು ಸರೋವರದ ಸುತ್ತ ಹೊರಟ. ಹೆಪ್ಪುಗಟ್ಟಿದ ನೀರಿಗೆ ಕಿಂಡಿ ಕೊರೆದು ಅದರಲ್ಲಿ ಮುಳುಗುವ ಈಜು ಸಂಘ ಸೇರಿದ, ಎರಡನೆಯ ಚಳಿಗಾಲಕ್ಕೆ ಅದರ ಅಧ್ಯಕ್ಷನಾದ. ಕೆನ್ನೆ ಕೆಂಪಾಯಿತು, ಹೊಟ್ಟೆ ಒಳಗೆ ಹೋಯಿತು, ಒಂಬತ್ತಕ್ಕೆ ಮಲಗಿದರೆ ಬೆಳಗಿನವರೆಗೆ ಮಗುವಿನ ಹಾಗೆ ನಿದ್ದೆ. ಆರೋಗ್ಯ ಕೇಂದ್ರದಲ್ಲಿ ಗಂಡಸರ ಗುಂಪಿಗೆ ಬುದ್ಧಿ ಹೇಳಲು ಅವನನ್ನೇ ಕರೆಯುತ್ತಿದ್ದರು. ಅವನ ಮಾತು ಕೇಳಿ ಇಬ್ಬರು ಮೂವರು ಕುಡಿತ ಬಿಟ್ಟದ್ದೂ ನಿಜ. ಅದರಲ್ಲಿ ಒಬ್ಬನ ಹೆಂಡತಿ ಅಂಗಡಿಯಲ್ಲಿ ಐಲಾಳ ಕೈ ಹಿಡಿದು ಕಣ್ಣೀರು ಹಾಕಿದ್ದಳು.

ಐಲಾ ಕೂಡ ಆರು ತಿಂಗಳು ಸುಖವಾಗಿದ್ದಳು. ಆಮೇಲೆ ಒಂದು ಮಧ್ಯಾಹ್ನ, ಕಾಫಿಗೆ ಕೆನೆ ಹಾಕಿದ್ದಕ್ಕೆ, ಮೊದಲ ಹೊಡೆತ ಬಿತ್ತು. ಕುಡಿದಾಗ ತಪ್ಪುತ್ತಿದ್ದ ಕೈ ಈಗ ತಪ್ಪಲಿಲ್ಲ. ಜಾರುಕೋಲು ಒತ್ತಿ ಒತ್ತಿ ಅವನ ತೋಳು ಗಟ್ಟಿಯಾಗಿತ್ತು, ಕಣ್ಣು ತಿಳಿಯಾಗಿತ್ತು, ಎಲ್ಲಿ ಹೊಡೆದರೆ ಬಟ್ಟೆ ಮುಚ್ಚುತ್ತದೆ ಎಂಬ ಲೆಕ್ಕ ತಲೆಯಲ್ಲಿತ್ತು. ಮರುದಿನ ಅಳುವುದೂ ಇರಲಿಲ್ಲ. ಅಳುವುದಕ್ಕೆ ಏನಾಗಿದೆ ಈಗ? ಅವನು ಆರೋಗ್ಯವಂತ.

ಅವಳ ನಿದ್ದೆ ಹೋದದ್ದು ಆಗಲೇ.

ಏಲಕ್ಕಿಯ ಆ ಹೊಡೆತ ಬಿದ್ದ ವಾರದೊಳಗೆ ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು. ದಾದಿ ಮಾರಿತ್ ಒಳ್ಳೆಯ ಹೆಂಗಸು, ತುಟಿಯ ಮೇಲೆ ಯಾವಾಗಲೂ ಒಂದು ಆಯಾಸದ ನಗು.

"ನಿದ್ದೆ ಹೇಗಿದೆ ಐಲಾ?"

"ಇಲ್ಲ."

"ಊಟ?"

"ಸೇರಲ್ಲ. ಕದ್ದು ತಿಂದ್ರೆ ಮಾತ್ರ ಸೇರುತ್ತೆ."

ಮಾರಿತ್ ನಕ್ಕಳು. "ಈ ಕತ್ತಲೆ ತಿಂಗಳು ಎಲ್ಲರಿಗೂ ಹೀಗೇ. ಸಿಹಿ ಬೇಕು ಅನ್ಸುತ್ತೆ. ಹೊರಗೆ ಓಡಾಡ್ತೀರಾ? ಬೆಳಕಿರೋವಾಗ ನಡೀಬೇಕು. ಕಾಫಿ ಕಡಿಮೆ ಮಾಡಿ. ನಿಮ್ಮ ಮನೇಲೇ ಇದಾರಲ್ಲ ಹೈಮೊ ಮೇಷ್ಟ್ರು, ಅವರ ಜೊತೆ ಹೊರಟುಬಿಡಿ."

ಐಲಾ ಕಿಟಕಿಯ ಆಚೆ ನೋಡಿದಳು. ಹಿಮ ತಳ್ಳುವ ಗಾಡಿ ಹಿಂದಕ್ಕೆ ಮುಂದಕ್ಕೆ ಹೋಗುತ್ತಿತ್ತು. ಈ ಮಾತನ್ನು ಅವಳು ದಾರಿಯುದ್ದಕ್ಕೂ ಬಾಯೊಳಗೆ ಹೊರಳಿಸುತ್ತಾ ಬಂದಿದ್ದಳು. ಈಗ ಅದು ಬಾಯಿಂದ ಜಾರಿ ಬಿದ್ದಿತು.

"ಹೊಡೀತಾನೆ ಅವನು."

ಮಾರಿತ್‌ಳ ಪೆನ್ನು ನಿಂತಿತು. ನಗು ಹೋಯಿತು. "ಮತ್ತೆ ಕುಡಿಯೋಕೆ ಶುರು ಮಾಡಿದ್ರಾ?"

"ಇಲ್ಲ."

"ಒಂದು ತೊಟ್ಟೂ?"

"ಒಂದು ತೊಟ್ಟೂ ಇಲ್ಲ."

ದಾದಿಯ ಭುಜ ಕೆಳಗಿಳಿದದ್ದನ್ನು ಐಲಾ ಕಂಡಳು. ಅದು ಸಮಾಧಾನ. ಕುಡಿಯದವನು ಹೊಡೆಯುವುದು ಹೇಗೆ? ಈ ಊರಿನಲ್ಲಿ ಯಾರೂ ಅಂಥದ್ದನ್ನು ಕೇಳಿಲ್ಲ.

"ನೋಡಿ ಐಲಾ," ಮಾರಿತ್ ಅವಳ ಕೈ ಮೇಲೆ ಕೈಯಿಟ್ಟಳು. "ತುಂಬಾ ದಿನ ನಿದ್ದೆ ಇಲ್ಲದಿದ್ರೆ ಹಳೇದೆಲ್ಲಾ ಈಗಿನದ್ದೇ ಅನ್ನಿಸುತ್ತೆ. ಸಣ್ಣ ಮಾತೂ ಏಟಿನ ಹಾಗೆ ತಗಲುತ್ತೆ. ನೀವು ಸುಳ್ಳು ಹೇಳ್ತಿದೀರ ಅಂತಲ್ಲ. ಒಂದು ಕೆಲಸ ಮಾಡೋಣ, ನಾನು ಹೈಮೊ ಹತ್ರ ಮಾತಾಡ್ತೀನಿ. ನಿಮ್ಮನ್ನ ತಣ್ಣೀರಿಗೆ ಕರ್ಕೊಂಡು ಹೋಗ್ಲಿ. ಎಷ್ಟು ಜನರ ಮನಸ್ಸು ಎತ್ತಿ ನಿಲ್ಲಿಸಿದೆ ಆ ನೀರು."

ಐಲಾ ಅಂಗಿ ಎತ್ತಿ ಪಕ್ಕೆ ತೋರಿಸಬಹುದಿತ್ತು. ಕೈ ಗುಂಡಿಯವರೆಗೆ ಹೋಯಿತು ಕೂಡ. ಆದರೆ ಬಟ್ಟೆ ಬಿಚ್ಚಿ ತೋರಿಸಿ ನಂಬಿಸಬೇಕಾದ ಮಾತು ತನ್ನದು ಎಂಬುದೇ ಅವಳಿಗೆ ಅವಮಾನವಾಯಿತು. ಗುಂಡಿಯನ್ನು ಇನ್ನಷ್ಟು ಬಿಗಿ ಮಾಡಿ ಎದ್ದಳು.

"ಮಾತಾಡ್ಬೇಡಿ ಅವನ ಹತ್ರ," ಎಂದಳು ಬಾಗಿಲಲ್ಲಿ. ಮಾರಿತ್ ಅದನ್ನೂ ಸಂಕೋಚ ಎಂದೇ ತಿಳಿದಳು.

ಮರುದಿನ ಮಧ್ಯಾಹ್ನ ಹೈಮೊ ಅವಳ ಈಜುಡುಗೆಯನ್ನು ಮಂಚದ ಮೇಲೆ ಇಟ್ಟು, "ಹೊರಡು," ಎಂದ.

"ಇವತ್ತು ಬೇಡ. ಪಕ್ಕೆ ನೋಯ್ತಿದೆ."

"ದಾದಿ ಹೇಳಿದಾರೆ. ನಾನಾಗಿ ಏನೂ ಮಾಡ್ತಿಲ್ಲ." ಅವನ ದನಿ ತಣ್ಣಗಿತ್ತು. "ಇನ್ನೂ ಏನೇನೋ ಹೇಳಿದ್ರು. ನೀನು ಹೇಳಿದ್ದು."

ಮನೆಯ ಹಿಂದೆ, ಅವರದೇ ದಡದಲ್ಲಿ, ಅವನು ಗರಗಸದಿಂದ ಕೊಯ್ದ ಕಿಂಡಿಯಿತ್ತು. ಚೌಕಾಕಾರ, ಒಬ್ಬರು ಇಳಿಯುವಷ್ಟು. ನೀರು ಕಪ್ಪು ಎಣ್ಣೆಯ ಹಾಗಿತ್ತು. ಅವಳು ಏಣಿ ಹಿಡಿದು ಕುತ್ತಿಗೆಯವರೆಗೆ ಇಳಿದಳು. ಚಳಿ ಮೊದಲು ಸುಟ್ಟಿತು, ಆಮೇಲೆ ಕಚ್ಚಿತು. ಎದೆ ಮುಚ್ಚಿಕೊಂಡಿತು. ಹೈಮೊ ಅಂಚಿನಲ್ಲಿ ಮೊಣಕಾಲೂರಿ ಕುಳಿತು, ಮಗುವಿಗೆ ಎಣ್ಣೆ ಹಚ್ಚುವವನ ಹಾಗೆ ಅವಳ ನೆತ್ತಿಯ ಮೇಲೆ ಅಂಗೈಯಿಟ್ಟ.

"ಹೊಡೀತಾನೆ ಅಂದ್ಯಂತೆ."

ಅಂಗೈ ಅದುಮಿತು.

ನೀರೊಳಗೆ ಸದ್ದೇ ಇರಲಿಲ್ಲ. ಅವಳು ಏಣಿಯನ್ನು ಒದ್ದಳು, ಅವನ ಮಣಿಕಟ್ಟನ್ನು ಉಗುರಿನಿಂದ ಪರಚಿದಳು. ಕೈ ಅಲುಗಲಿಲ್ಲ. ಮೂಗಿನೊಳಗೆ ನೀರು ಕಬ್ಬಿಣದ ಮೊಳೆಯ ಹಾಗೆ ಹೊಕ್ಕಿತು. ಮೇಲೆಳೆದಾಗ ಅವಳು ಕೆಮ್ಮಿ ಕಕ್ಕಿದಳು. ಅವನು ಒರೆಸಿಕೊಳ್ಳಲು ಬಿಟ್ಟ. ಮತ್ತೆ ಅದುಮಿದ. ಈ ಸಲ ಅವಳ ಭುಜ ಮಂಜುಗಡ್ಡೆಯ ಅಂಚಿಗೆ ಉಜ್ಜಿ ಚರ್ಮ ಸುಲಿದುಹೋಯಿತು. ಮೂರನೆಯ ಸಲಕ್ಕೆ ಅವಳು ಒದೆಯುವುದನ್ನು ನಿಲ್ಲಿಸಿದಳು. ಸಾಯುತ್ತೇನೆ ಎಂಬುದು ಆಗ ಭಯವಾಗಿರಲಿಲ್ಲ, ಬರೀ ಸುದ್ದಿಯಾಗಿತ್ತು. ಬೇರೆ ಯಾರದ್ದೋ ಸುದ್ದಿ.

ಅವನು ಅವಳನ್ನು ಎಳೆದು ದಡಕ್ಕೆ ಹಾಕಿ, ಕಂಬಳಿ ಸುತ್ತಿ, ಎತ್ತಿಕೊಂಡು ಮನೆಗೆ ತಂದ. ಬಿಸಿ ಕಾಳಿನ ಸಾರು ಬಡಿಸಿದ.

"ಶನಿವಾರ ಸಂಘಕ್ಕೆ ಬಾ. ಎಲ್ಲರೂ ಕೇಳ್ತಾರೆ, ನಿಮ್ಮ ಹೆಂಡ್ತಿ ಈ ನಡುವೆ ಯಾಕೆ ಕಾಣ್ತಿಲ್ಲ ಅಂತ. ಹೆಂಗಸರ ಸರದಿ ಮುಗಿಯೋ ಮುಂಚೆ ಹೊರಗೆ ಬಾ, ನಾನು ಕಾರಲ್ಲಿ ಕೂತಿರ್ತೀನಿ. ಯಾರ ಹತ್ರನಾದ್ರೂ ಇನ್ನೊಂದು ಸಲ ಬಾಯಿ ಬಿಟ್ರೆ, ಮುಂದಿನ ಸಲ ಮೇಲೆ ಎಳೆಯೋದಿಲ್ಲ. ಹೆಂಗಸು ಖಿನ್ನತೆಯಲ್ಲಿದ್ಲು ಅಂತ ದಾದಿನೇ ಹೇಳ್ತಾರೆ."

ಅದು ಬೆದರಿಕೆಯ ದನಿಯಲ್ಲಿರಲಿಲ್ಲ. ನಾಳೆ ಹಿಮ ಬೀಳುತ್ತದೆ ಎನ್ನುವವನ ದನಿ. ಅವತ್ತೂ ಅವನು ಬೇಗ ಮಲಗಿದ, ಮಲಗಿದ ಕೂಡಲೇ ನಿದ್ದೆಗೆ ಜಾರಿದ. ಐಲಾ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಅವನ ಉಸಿರು ಕೇಳಿದಳು. ಒಳಕ್ಕೆ, ಹೊರಕ್ಕೆ. ಇಷ್ಟು ಚೆನ್ನಾಗಿ ಒಬ್ಬ ಮನುಷ್ಯ ಹೇಗೆ ಮಲಗುತ್ತಾನೆ? ಮುಂದಿನ ಸಲ ಎಂಬುದು ಯಾವಾಗ ಎಂದು ಅವಳು ಕೇಳಿಕೊಂಡಳು. ಕಿಂಡಿ ವಸಂತದವರೆಗೂ ತೆರೆದಿರುತ್ತದೆ.

ಸಂಘದ ಸೌನಾ, ಬೆತ್ತಲೆ ಕುಳಿತು ಹಬೆಯಲ್ಲಿ ಬೆವರುವ ಮರದ ಕೋಣೆ, ಸರೋವರದ ಇನ್ನೊಂದು ದಡದಲ್ಲಿ; ಅದರ ಎದುರಿಗೇ ಸಂಘದವರು ಕೊರೆದ ಕಿಂಡಿ. ಶನಿವಾರ ಮಧ್ಯಾಹ್ನ ಮೊದಲು ಹೆಂಗಸರು, ಆಮೇಲೆ ಗಂಡಸರು. ಕಾವಲಿಲ್ಲ, ಚಿಲಕವಿಲ್ಲ, ಬಾಗಿಲ ಮೇಲೆ ಒಂದು ಮರದ ಹಲಗೆ, ತಿರುಗಿಸಿದರೆ ಸರದಿ ಬದಲಾಗುತ್ತದೆ. ಹಲಗೆಯನ್ನು ಮೀರಿ ಒಳಗೆ ಬಂದ ಗಂಡಸು ಆ ಸಂಘ ಹುಟ್ಟಿದಾಗಿನಿಂದ ಒಬ್ಬನೂ ಇಲ್ಲ. ಕುಡಿದು ದಿಕ್ಕು ತಪ್ಪಿದವರೂ ಆ ಬಾಗಿಲಿಗೆ ಕೈ ಹಾಕಿದವರಲ್ಲ. ಒಳಗೆ ಇನ್ನೊಂದು ಕಟ್ಟಳೆ: ಬೆತ್ತಲೆ ಮೈಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಿಲ್ಕಾಳಿಗೆ ಒಂದು ಮೊಲೆ ಇಲ್ಲ, ರಿತ್ವಾಳ ಹೊಟ್ಟೆಯ ಮೇಲೆ ಉದ್ದನೆಯ ಹೊಲಿಗೆ. ಎಲ್ಲರ ಕಣ್ಣಿಗೂ ಬಿದ್ದಿದೆ, ಯಾರ ಬಾಯಿಗೂ ಬಂದಿಲ್ಲ.

ಅವತ್ತು ಅವರು ಮೂವರೇ ಇದ್ದರು. ಹೊರಗಿನ ಚಳಿ ಮಿಕ್ಕವರನ್ನು ಮನೆಯಲ್ಲೇ ಕೂರಿಸಿತ್ತು. ಎಪ್ಪತ್ತು ದಾಟಿದ ಹಿಲ್ಕಾ, ಮೆಟ್ಟಿಲ ಹಾಗೆ ಜೋಡಿಸಿದ ಕೂರುವ ಹಲಗೆಗಳಲ್ಲಿ ಮೇಲಿನದರ ಮೇಲೆ, ರಾಣಿಯ ಹಾಗೆ ಕುಳಿತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ರಿತ್ವಾ ಕೆಳಗೆ ಕಾಲು ಚಾಚಿದ್ದಳು.

"ಹಾಕೇ ಇನ್ನೊಂದು ಸೌಟು," ಹಿಲ್ಕಾ ಅಂದಳು. "ಒಲೆ ಅಲ್ಲ ಇದು, ನನ್ನ ಸತ್ತ ಗಂಡ ಇದ್ದ ಹಾಗಿದೆ. ಸಿಡುಕೋದು ಜಾಸ್ತಿ, ಬಿಸಿ ಇಲ್ಲ."

"ಸುಮ್ನಿರೇ ಅಜ್ಜಿ, ನನ್ನ ಕಿವಿ ಬೇಯ್ತಿದೆ."

"ಬ್ಯಾಂಕಿನವರಿಗೆ ಕಿವಿ ಯಾಕೆ? ಬೆಂದ್ರೆ ಬೇಯ್ಲಿ."

ರಿತ್ವಾ ನಗುತ್ತಾ ಕಾದ ಕಲ್ಲುಗಳ ಮೇಲೆ ನೀರು ಸುರಿದಳು. ಹಬೆ ಬುಸುಗುಟ್ಟಿ ಚಾವಣಿಗೆ ಏರಿ, ಅಲ್ಲಿಂದ ಮೂವರ ಬೆನ್ನಿನ ಮೇಲೆ ಇಳಿಯಿತು. ಸುಲಿದ ಭುಜಕ್ಕೆ ಹಬೆ ತಾಗಿದಾಗ ಐಲಾ ಹಲ್ಲು ಕಚ್ಚಿದಳು. ಪಕ್ಕೆ ನೇರಳೆಯಿಂದ ಹಳದಿಗೆ ತಿರುಗಿತ್ತು. ತೊಡೆಯ ಮೇಲೆ ಬೂಟಿನ ತುದಿಯ ಗುರುತು. ಹಿಲ್ಕಾಳ ಕಣ್ಣು ಅದರ ಮೇಲೆ ಬಂದು, ಕಟ್ಟಳೆಯಂತೆ, ಆಚೆ ಹೋಯಿತು.

ಹೋದದ್ದನ್ನು ಐಲಾ ನೋಡಿದಳು.

"ಹಿಲ್ಕಾ, ಇದು ಕಾಣ್ತಿದೆ ತಾನೆ ನಿನಗೆ?"

ಕಲ್ಲುಗಳು ಚಟಪಟ ಎಂದವು.

"ಮಂಜಿನ ಅಂಚು ತಾಗಿರ್ಬೇಕು," ರಿತ್ವಾ ತನ್ನ ಕಾಲಿನ ಕಡೆ ನೋಡುತ್ತಾ ಅಂದಳು.

"ತೊಡೆಗೂ ಮಂಜಾ? ಮಂಜಿಗೆ ಬೂಟು ಇರುತ್ತಾ?"

ಹಿಲ್ಕಾ ಬೆವರು ಒರೆಸಿಕೊಂಡಳು. ಅವಳ ದನಿಯಲ್ಲಿ ರಾಣಿತನ ಇರಲಿಲ್ಲ. "ಹೋದ ಶರತ್ಕಾಲದಿಂದ ನೋಡ್ತಿದೀನಿ. ಸೌನಾದಲ್ಲಿ ನೋಡಿದ್ದು ನೋಡಿದ ಹಾಗಲ್ಲ ಅಂತ ಸುಮ್ನಿದ್ದೆ. ಆಮೇಲೆ, ಅವನು ಕುಡಿಯೋದೂ ಇಲ್ವಲ್ಲಾ. ನಾನು ಅಂದ್ಕೊಂಡೆ, ಇವಳೇ ಎಲ್ಲೋ ಬೀಳ್ತಾಳೇನೋ. ನಿದ್ದೆಗೆಟ್ಟೋಳು."

"ನೀನು ಹಾಗಂದ್ಕೊಂಡ್ಯಾ?"

"ಇಲ್ಲ," ಎಂದಳು ಹಿಲ್ಕಾ. "ಅಂದ್ಕೋಬೇಕು ಅಂತ ಆಸೆ ಪಟ್ಟೆ."

ಐಲಾಳಿಗೆ ಹೈಮೊನ ಮೇಲೆ ಬಾರದ ಕೋಪ ಆ ಇಬ್ಬರ ಮೇಲೆ ಬಂತು. ಒಂದು ಇಡೀ ಚಳಿಗಾಲ ಇದೇ ಹಲಗೆಯ ಮೇಲೆ, ಇದೇ ಬೆಳಕಿನಲ್ಲಿ, ಅವಳ ಮೈ ಕೂಗಿಕೊಂಡಿತ್ತು. ಇವರು ಒಲೆಗೆ ನೀರು ಹಾಕುತ್ತಾ ಕುಳಿತಿದ್ದರು. ಆದರೂ ಅವಳು ಹೇಳಿದಳು. ಕಿಂಡಿಯ ಕಥೆ, ನೆತ್ತಿಯ ಮೇಲಿನ ಅಂಗೈ, ಮುಂದಿನ ಸಲದ ಮಾತು. ಹೇಳುತ್ತಾ ಹೇಳುತ್ತಾ ಹೊತ್ತು ಮೀರಿತು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿತು.

"ಬಂದ."

"ಬರ್ಲಿ, ಹೊರಗೇ ನಿಂತಿರ್ತಾನೆ," ಹಿಲ್ಕಾ ಅಂದಳು. "ಬಾಗಿಲ ಹಲಗೆ ನಮ್ಮ ಕಡೆ ಇದೆ."

ಬಾಗಿಲು ತೆರೆಯಿತು. ಚಳಿಯ ಗಾಳಿಯೊಂದಿಗೆ ಹೈಮೊ ಒಳಗೆ ಬಂದ. ಜಾರಾಟದ ನೀಲಿ ಉಡುಪು, ತಲೆಗೆ ಟೊಪ್ಪಿ, ಕಾಲಲ್ಲಿ ಬೂಟು. ಒದ್ದೆ ಹಲಗೆಯ ಮೇಲೆ ಬೂಟಿನಿಂದ ಕೊಳಕು ಹಿಮ ಕರಗತೊಡಗಿತು. ರಿತ್ವಾ ಮೊಣಕಾಲು ಮಡಚಿ ಎದೆಗೆ ಅವುಚಿಕೊಂಡಳು.

"ಹೈಮೊ, ಇದು ಹೆಂಗಸರ ಸರದಿ," ಹಿಲ್ಕಾ ಹೇಳಿದಳು.

"ಗೊತ್ತು. ಐಲಾಗೆ ಮೈ ಸರಿ ಇಲ್ಲ. ದಾದಿಗೂ ಗೊತ್ತಿದೆ. ಇಳೀ ಐಲಾ."

"ಹೊರಗೆ ನಡಿ. ಬೂಟು ಹಾಕ್ಕೊಂಡು ಬಂದಿದೀಯ, ನಾಚಿಕೆ ಇಲ್ವೇನೋ?"

ಅವನು ಹಿಲ್ಕಾಳ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೈ ಚಾಚಿ ಐಲಾಳ ಕಣಕಾಲು ಹಿಡಿದು ಎಳೆದ. ಅವಳು ಮೇಲಿನ ಹಲಗೆಯಿಂದ ಜಾರಿದಳು. ಬೆನ್ನು ನಡುವಿನ ಹಲಗೆಗೆ ಬಡಿಯಿತು, ಗದ್ದ ಕೆಳಗಿನದಕ್ಕೆ. ಹಲ್ಲಿಗೆ ನಾಲಗೆ ಸಿಕ್ಕಿ ಬಾಯಿ ತುಂಬ ರಕ್ತ. ರಿತ್ವಾ ಎದ್ದು ಅವನ ತೋಳಿಗೆ ಜೋತುಬಿದ್ದಳು. ಅವನು ತಿರುಗಿಯೂ ನೋಡದೆ ಮೊಣಕೈ ಹಿಂದಕ್ಕೆ ಬೀಸಿದ. ಅವಳ ಮೂಗು ಮುರಿದ ಸದ್ದು ಎಲ್ಲರಿಗೂ ಕೇಳಿತು. ಹಿಲ್ಕಾ ಸೌಟಿನಿಂದ ಅವನ ಕುತ್ತಿಗೆಗೆ ಹೊಡೆದಳು. ಅವನು ಸೌಟು ಕಿತ್ತು ಗೋಡೆಗೆ ಎಸೆದು, ಮುದುಕಿಯ ಎದೆಗೆ, ಮೊಲೆಯಿಲ್ಲದ ಬದಿಗೆ, ಅಂಗೈಯಿಂದ ತಳ್ಳಿದ. ಅವಳು ಹಲಗೆಯ ಮೇಲೆ ಮುದುಡಿ ಕುಳಿತಳು.

ಐಲಾ ನೆಲದಲ್ಲಿದ್ದಳು. ಕೈಗೆ ಸಿಕ್ಕಿದ್ದು ನೀರಿನ ಬಕೆಟ್ಟು, ತುಂಬಿದ್ದು.

"ಬಗ್ಗಿ," ಎಂದಳು.

ಇಬ್ಬರು ಹೆಂಗಸರೂ ಕೇಳಿದ ಕೂಡಲೇ ಮುಖ ಮುಚ್ಚಿ ನೆಲಕ್ಕೆ ಬಿದ್ದರು. ನಡೆಯಲು ಕಲಿಯುವ ಮೊದಲೇ ಸೌನಾಕ್ಕೆ ಬಂದವರು ಅವರು; ಹಬೆ ಎಲ್ಲಿಗೆ ಮೊದಲು ಹೋಗುತ್ತದೆ ಎಂದು ಮೈಗೇ ಗೊತ್ತು. ಹೈಮೊನಿಗೂ ಗೊತ್ತಿತ್ತು. ಐಲಾ ಹಾಕುತ್ತಾಳೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅವಳು ಇಡೀ ಬಕೆಟ್ಟನ್ನು ಕಲ್ಲುಗಳ ಮೇಲೆ ಕವುಚಿದಳು.

ಒಲೆ ಸಿಡಿದ ಹಾಗಾಯಿತು. ಬಿಳಿ ಹಬೆ ಗೋಡೆಯ ಹಾಗೆ ಎದ್ದು, ನಿಂತಿದ್ದವನ ಮುಖಕ್ಕೆ, ಕಿವಿಗೆ, ಗಂಟಲಿಗೆ ನುಗ್ಗಿತು. ಅವನು ಕಿರುಚಿದ. ಕುರುಡನ ಹಾಗೆ ಕೈ ಬೀಸಿ ಅವಳನ್ನು ಹುಡುಕಿದ. ಒಂದು ಏಟು ಅವಳ ಕಿವಿಗೆ ಬಿತ್ತು. ಇನ್ನೊಂದಕ್ಕೆ ಮುಂದೆ ಬಾಗಿದವನು ಆಯ ತಪ್ಪಿ ಎರಡೂ ಅಂಗೈಯನ್ನು ಕಾದ ಕಲ್ಲುಗಳ ಮೇಲೆ ಊರಿದ. ಆ ವಾಸನೆಯನ್ನು ಐಲಾ ಇವತ್ತಿಗೂ ಮರೆತಿಲ್ಲ. ಬಾಗಿಲನ್ನು ಭುಜದಿಂದಲೇ ತಳ್ಳಿ ಅವನು ಹೊರಗೆ ಓಡಿದ. ಅಲ್ಲಿ ಸುಟ್ಟ ಮೈ ಓಡುವುದು ಒಂದೇ ಕಡೆಗೆ, ಕಿಂಡಿಗೆ.

ಐಲಾ ಬೆತ್ತಲೆಯಾಗಿಯೇ ಹಿಂದೆ ಹೋದಳು. ಪಾದದ ಕೆಳಗಿನ ಮಂಜು ಅವಳಿಗೆ ತಿಳಿಯಲಿಲ್ಲ. ಹೈಮೊ ಏಣಿಯಿಂದ ಬಿದ್ದ ಹಾಗೆ ನೀರಿಗಿಳಿದಿದ್ದ. ಮುಖ ಮಾಂಸದ ಬಣ್ಣವಾಗಿತ್ತು. ಉಡುಪು ನೀರು ಕುಡಿದು ಭಾರವಾಗಿ ಅವನನ್ನು ಕೆಳಗೆಳೆಯುತ್ತಿತ್ತು. ಏಣಿ ಹಿಡಿಯಲು ನೋಡಿದರೆ ಅಂಗೈಯ ಚರ್ಮ ಜಾರುತ್ತಿತ್ತು.

"ಕೈ ಕೊಡು," ಎಂದ. "ಐಲಾ, ಕೈ ಕೊಡೇ."

ಅವಳು ಅಂಚಿನಲ್ಲಿ ಮೊಣಕಾಲೂರಿ ಕುಳಿತಳು. ಅವನ ನೆತ್ತಿಯ ಮೇಲೆ ಅಂಗೈಯಿಟ್ಟಳು. ಅದುಮಿದಳು.

ತಲೆ ಕೆಳಗೆ ಹೋಯಿತು. ಗುಳ್ಳೆಗಳು ಬಂದವು. ಅವಳ ಕೈ ಅಲುಗಲಿಲ್ಲ, ಉಸಿರೂ ಏರಲಿಲ್ಲ. ವರ್ಷಗಳಿಂದ ಅವಳೊಳಗೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿದ್ದದ್ದು ಥಟ್ಟನೆ ನಿಂತುಹೋಯಿತು. ಎಂಥ ಶಾಂತಿ. ಹಿಮ, ಬೂದು ಆಕಾಶ, ಆಚೆ ದಡದ ಪೈನ್ ಮರಗಳು ಎಲ್ಲವೂ ತೊಳೆದಿಟ್ಟ ಹಾಗೆ. ಈಗ ಮಲಗಿದರೆ ಬೆಳಗಿನವರೆಗೂ ನಿದ್ದೆ ಬರುತ್ತದೆ ಎಂದು ಅವಳಿಗೆ ಅನ್ನಿಸಿತು.

ಅನ್ನಿಸಿದ ಕೂಡಲೇ ಅವಳಿಗೆ ಭಯವಾಯಿತು. ಓ, ಇದೋ. ಗಂಜಿಯಲ್ಲ, ಜಾರಾಟವಲ್ಲ, ತಣ್ಣೀರಲ್ಲ. ಅವನು ಹೀಗೆ ಮಲಗುತ್ತಿದ್ದದ್ದು ಇದರಿಂದ. ಅವಳ ನಿದ್ದೆಯನ್ನು ತೆಗೆದು ಅವನು ತನ್ನದಕ್ಕೆ ಸೇರಿಸಿಕೊಂಡಿದ್ದ. ಈಗ ಅವನದ್ದನ್ನು ತೆಗೆದುಕೊಳ್ಳಲು ಅವಳ ಕೈ ತಾನಾಗಿ ಕಲಿತುಬಿಟ್ಟಿತ್ತು.

"ಐಲಾ," ಹಿಂದಿನಿಂದ ಹಿಲ್ಕಾ ಕರೆದಳು.

ಅವಳು ಕೈ ತೆಗೆದಳು. ತಲೆ ಮೇಲೆ ಬಂತು, ಕೆಮ್ಮಿ ಕಕ್ಕಿತು. ಅವಳು ಅವನ ಉಡುಪಿನ ಕತ್ತಿನ ಪಟ್ಟಿಗೆ ಎರಡೂ ಕೈ ಹಾಕಿದಳು. ಮುರಿದ ಮೂಗಿನಿಂದ ರಕ್ತ ಸುರಿಯುತ್ತಿದ್ದ ರಿತ್ವಾ ಒಂದು ತೋಳು ಹಿಡಿದಳು, ಹಿಲ್ಕಾ ಇನ್ನೊಂದು. ಮೂವರು ಬೆತ್ತಲೆ ಹೆಂಗಸರು, ಮೈಯಿಂದ ಹಬೆ ಏಳುತ್ತಿರಲು, ಸಂಘದ ಅಧ್ಯಕ್ಷನನ್ನು ಒದ್ದೆ ಮರದ ದಿಮ್ಮಿಯ ಹಾಗೆ ಮಂಜಿನ ಮೇಲಕ್ಕೆ ಎಳೆದು ಹಾಕಿದರು. ಅವನು ಹಲ್ಲು ಕಟಕಟಿಸುತ್ತಾ, "ನೋಡಿದ್ರಾ, ಇವಳಿಗೆ ತಲೆ ಸರಿ ಇಲ್ಲ," ಎಂದ. ಹಿಲ್ಕಾ ಅವನ ಬಾಯಿಯ ಮೇಲೆ ತನ್ನ ಬರಿಗಾಲು ಇಟ್ಟು ನಿಂತಳು. ರಿತ್ವಾ ಫೋನು ಮಾಡಿ ಕರೆಸಿದ ಆಂಬುಲೆನ್ಸಿನ ಸದ್ದು ಕೇಳುವವರೆಗೂ ತೆಗೆಯಲಿಲ್ಲ.

ಪೊಲೀಸಿನವನು ಎಳೆಯ ವಯಸ್ಸಿನವನು. ಕಂಬಳಿ ಸುತ್ತಿ ಕುಳಿತ ಅವರ ಮುಂದೆ ಎಲ್ಲಿ ಕಣ್ಣಿಡಬೇಕೋ ತಿಳಿಯದೆ ಒಲೆಯನ್ನು ನೋಡುತ್ತಾ ಕೇಳಿದ.

"ಅವರು ಕುಡಿದಿದ್ರಾ?"

"ಇಲ್ಲಪ್ಪ," ಎಂದಳು ಹಿಲ್ಕಾ. "ಪೂರ್ತಿ ಆರೋಗ್ಯವಾಗಿದ್ದ."

ಐಲಾ ಎಲ್ಲವನ್ನೂ ಹೇಳಿದಳು. ಬಕೆಟ್ಟನ್ನೂ ಹೇಳಿದಳು, ತನ್ನ ಅಂಗೈಯನ್ನೂ. ಅದನ್ನು ಬಿಡಬಹುದಿತ್ತು ಎಂದು ರಿತ್ವಾ ಆಮೇಲೆ ಪಿಸುಗುಟ್ಟಿದಳು. ಬಿಟ್ಟರೆ ಅದು ನನ್ನ ಹತ್ತಿರವೇ ಉಳಿಯುತ್ತದೆ, ಎಂದಳು ಐಲಾ. ಆಮೇಲೆ ಕಂಬಳಿ ಸರಿಸಿ, ಪಕ್ಕೆ, ತೊಡೆ, ಭುಜ ತೋರಿಸಿದಳು. ಪೊಲೀಸಿನವನು ಈ ಸಲ ಒಲೆಯಿಂದ ಕಣ್ಣು ತೆಗೆದು ನೋಡಿದ. ಹಿಲ್ಕಾ, ರಿತ್ವಾ ಇಬ್ಬರೂ ನೋಡಿದರು, ಕಣ್ಣು ತಿರುಗಿಸಲಿಲ್ಲ.

ಹೈಮೊ ಆಸ್ಪತ್ರೆಯಿಂದ ಸೀದಾ ಪೊಲೀಸರ ಕೈಗೆ ಹೋದ. ಐಲಾ ಹಿಲ್ಕಾಳ ಮನೆಯ ಒಂದು ಕೋಣೆಗೆ ಬಂದಳು.

ಕೆಲವು ದಿನ ಬಿಟ್ಟು ಒಂದು ಬೆಳಿಗ್ಗೆ ದಾದಿ ಮಾರಿತ್ ಅಲ್ಲಿಗೆ ಬಂದಳು. ಕೋಟು ಕೂಡ ತೆಗೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮುಖ ಇಳಿದುಹೋಗಿತ್ತು.

"ನಾನು ಅವತ್ತು ನಿಮ್ಮನ್ನ ಕೇಳಿದ್ದು ತಪ್ಪು ಪ್ರಶ್ನೆ ಐಲಾ."

"ಕೂತ್ಕೊಳ್ಳಿ," ಐಲಾ ಹೇಳಿದಳು. ಕ್ಷಮಿಸಿದೆ ಎನ್ನಲಿಲ್ಲ, ಅದು ಇನ್ನೂ ಆಗಿರಲಿಲ್ಲ.

ಹಿಲ್ಕಾ ಒಲೆಯಿಂದ ಬನ್ನುಗಳ ತಟ್ಟೆ ಹೊರತೆಗೆದಳು. ಏಲಕ್ಕಿಯ ಘಮ ಕೋಣೆ ತುಂಬಿತು. ಐಲಾಳ ಮೈ ಒಂದು ಕ್ಷಣ ಸೆಟೆದುಕೊಂಡಿತು, ಎಡಪಕ್ಕೆ ತಾನಾಗಿ ಒಳಗೆ ಸರಿಯಿತು. ಹೊಡೆತ ಬರಲಿಲ್ಲ.

"ತಿನ್ನೇ, ನೋಡ್ತಾ ಕೂರೋಕೆ ಮಾಡಿಲ್ಲ," ಹಿಲ್ಕಾ ಗದರಿದಳು.

"ನಿದ್ದೆ ಬರ್ತಿದೆಯಾ ಈಗ?" ಮಾರಿತ್ ಮೆಲ್ಲಗೆ ಕೇಳಿದಳು.

ಐಲಾ ಬನ್ನು ಮುರಿದಳು. ಹೊಲಿಗೆ ಹಾಕಿದ ನಾಲಗೆಗೆ ಸಕ್ಕರೆ ಹರಳು ತಾಗಿ ಚುರುಕ್ ಎಂದಿತು. ಕಿಂಡಿಯ ಅಂಚಿನಲ್ಲಿ ಬಂದ ಆ ಶಾಂತಿ ಅವಳಿಗೆ ನೆನಪಿತ್ತು; ಕೈಗೆ ಎಟುಕುವಷ್ಟು ಹತ್ತಿರವೇ ಇತ್ತು.

"ಇಲ್ಲ," ಎಂದಳು. "ನಿಧಾನಕ್ಕೆ ಬರ್ಲಿ."